ಟ್ರಂಕಿನೊಳಗಿನ ಐದು ಪದಕಗಳು: ಬೋಧನಾಭ್ಯಾಸದ ಎರಡು ಅವಧಿಗಳ ಅನುಭವ

ಪೀಠಿಕೆ

ಬೋಧನಾಭ್ಯಾಸಕ್ಕೆ ನನ್ನನ್ನು ರಬಕವಿ-ಬನಹಟ್ಟಿಯ ಒಂದು ಪ್ರೌಢಶಾಲೆಗೆ ಕಳಿಸಿದ್ದರು. ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ‘ಸ್ವಾತಂತ್ರ್ಯೋತ್ತರ ಭಾರತ’ ಘಟಕ ನನ್ನ ಪಾಲಿಗೆ ಬಂತು. ದೇಶೀಯ ಸಂಸ್ಥಾನಗಳ ವಿಲೀನ ಎಂದ ಕೂಡಲೇ ಮಕ್ಕಳು ಜುನಾಗಢ, ಹೈದರಾಬಾದ್, ಕಾಶ್ಮೀರ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ತಾವು ಕುಳಿತ ನೆಲವೂ ಒಂದು ಕಾಲಕ್ಕೆ ಸಂಸ್ಥಾನವಾಗಿತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಪಾಠವನ್ನು ಇಲ್ಲಿಂದಲೇ ಆರಂಭಿಸಬೇಕು ಎಂದುಕೊಂಡೆ.

ಆಗ ಸಿಕ್ಕಿದ್ದು ಒಂದು ತಗಡಿನ ಟ್ರಂಕು. ಜಮಖಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಸಹಪಾಠಿಯೊಬ್ಬರ ಸಂಬಂಧಿಕರ ಮನೆಯಲ್ಲಿ ಅದು ಇತ್ತು. ಆ ಮನೆಯ ಹಿರಿಯರು 1942ರಲ್ಲಿ ಬೆಳಗಾವಿಗೆ ಹೋಗಿ ಸೈನ್ಯ ಸೇರಿ, 1957ರಲ್ಲಿ ಹವಾಲ್ದಾರರಾಗಿ ಪಿಂಚಣಿ ಪಡೆದು ಊರಿಗೆ ಮರಳಿದವರು. ಮೊದಲ ಐದು ವರ್ಷ ಬ್ರಿಟಿಷ್ ಚಕ್ರವರ್ತಿಯ ಸೈನ್ಯ, ಮುಂದಿನ ಹತ್ತು ವರ್ಷ ಸ್ವತಂತ್ರ ಭಾರತದ ಸೈನ್ಯ. ಅವರು ತೀರಿಕೊಂಡು ಬಹಳ ವರ್ಷಗಳಾಗಿವೆ. ಟ್ರಂಕನ್ನು ಜೋಪಾನ ಮಾಡಿದವರು ಎಪ್ಪತ್ತೈದು ದಾಟಿದ ಅವರ ಮಗಳು. ಮನೆಯವರ ಇಚ್ಛೆಯಂತೆ ಹೆಸರು ಬರೆದಿಲ್ಲ. ಊರಲ್ಲಿ ಎಲ್ಲರೂ ಕರೆಯುವಂತೆ ಅವರನ್ನು ಇಲ್ಲಿ ಆಯಿ ಎಂದೇ ಕರೆಯುತ್ತೇನೆ.

ಈ ಪಾಠದ ಮೊದಲ ಅವಧಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಎರಡನೆಯ ಅವಧಿಯಲ್ಲಿ ಅದನ್ನು ತಿದ್ದಿಕೊಳ್ಳಲು ಯತ್ನಿಸಿದೆ. ಇದೇ ಬಗೆಯ ವಸ್ತುಗಳನ್ನು ತರಗತಿಗೆ ಒಯ್ಯುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಎರಡನ್ನೂ ಬರೆಯುತ್ತಿದ್ದೇನೆ.

ಬೋಧನಾ ಸಾಮಗ್ರಿ

ಟ್ರಂಕಿನಲ್ಲಿ ಇದ್ದ ವಸ್ತುಗಳು ಇವು: ಐದು ಪದಕಗಳು, ಒಂದು ಡಿಸ್ಚಾರ್ಜ್ ಪುಸ್ತಕ, ಕಿರೀಟದ ಗುರುತಿದ್ದ ಎರಡು ಹಿತ್ತಾಳೆ ಗುಂಡಿಗಳು, ಸಮವಸ್ತ್ರದಲ್ಲಿ ತೆಗೆಸಿಕೊಂಡ ಒಂದು ಫೋಟೋ, ರೋಮನ್ ಲಿಪಿಯ ಉರ್ದು ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ರಮಾಣಪತ್ರ. ಈ ಪ್ರಮಾಣಪತ್ರವೇ ಒಂದು ಪಾಠವಾಗಬಲ್ಲದು. ಮನೆಯಲ್ಲಿ ಕನ್ನಡ, ದಳದ ಜೊತೆಗಾರರೊಡನೆ ಮರಾಠಿ, ಸೈನ್ಯದ ಓದು-ಬರಹಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಉರ್ದು: ಶಾಲೆ ಹೆಚ್ಚು ಕಲಿಯದ ಒಬ್ಬ ರೈತನ ಮಗ ಇಷ್ಟನ್ನೂ ನಿಭಾಯಿಸಿದ್ದರು.

ಐದು ಪದಕಗಳಲ್ಲಿ ಮೂರು ಎರಡನೆಯ ಮಹಾಯುದ್ಧದವು: 1939-45ರ ನಕ್ಷತ್ರ, ಬರ್ಮಾ ನಕ್ಷತ್ರ ಮತ್ತು ಯುದ್ಧ ಪದಕ. ಇನ್ನೆರಡು ಸ್ವಾತಂತ್ರ್ಯಾನಂತರದವು: 1947ರ ಭಾರತ ಸ್ವಾತಂತ್ರ್ಯ ಪದಕ ಹಾಗೂ ‘ಜಮ್ಮು ಮತ್ತು ಕಾಶ್ಮೀರ’ ಎಂಬ ಪಟ್ಟಿ ಕೂಡಿಸಿದ ಸಾಮಾನ್ಯ ಸೇವಾ ಪದಕ. ಮೊದಲ ಮೂರನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದರು. ಕೊನೆಯ ಎರಡು ಮೇಲೆ, ಒಂದು ಬಿಸ್ಕೀಟು ಡಬ್ಬಿಯಲ್ಲಿದ್ದವು. ಇದನ್ನು ನಾನು ನೋಡಿದೆ, ಆದರೆ ಗಮನಿಸಲಿಲ್ಲ.

ಮೊದಲ ಅವಧಿ

ನಾನು ಬರೆದುಕೊಂಡಿದ್ದ ಉದ್ದೇಶಗಳು ಎರಡು: ಸಂಸ್ಥಾನಗಳ ವಿಲೀನವನ್ನು ಸ್ಥಳೀಯ ಉದಾಹರಣೆಯಿಂದ ವಿವರಿಸುವುದು, ಸೈನಿಕರ ತ್ಯಾಗವನ್ನು ತಿಳಿದು ದೇಶಪ್ರೇಮ ಬೆಳೆಸಿಕೊಳ್ಳುವುದು. ಎರಡನೆಯ ಉದ್ದೇಶ ಬರೆಯಲು ನನಗೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.

ಪೂರ್ವಜ್ಞಾನ ಪರೀಕ್ಷೆಯ ಬದಲು ಒಂದು ಚಟುವಟಿಕೆಯಿಂದ ಆರಂಭಿಸಿದೆ. ಕಪ್ಪುಹಲಗೆಯ ಮೇಲೆ ಕೃಷ್ಣಾ, ಘಟಪ್ರಭಾ ನದಿಗಳನ್ನು ಎಳೆದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಎಂದು ನಾಲ್ಕು ಚುಕ್ಕೆ ಇಟ್ಟೆ. “1942ರಲ್ಲಿ ಈ ನಾಲ್ಕೂ ಊರಿನ ಜನ ಕಂದಾಯ ಕಟ್ಟುತ್ತಿದ್ದದ್ದು ಯಾರಿಗೆ?” ಎಂದು ಕೇಳಿದೆ. “ಬ್ರಿಟಿಷರಿಗೆ” ಎಂದು ಇಡೀ ತರಗತಿ ಕೂಗಿತು. ಆಗ ಒಂದೊಂದೇ ಬಣ್ಣದ ಕಾಗದ ಅಂಟಿಸುತ್ತ ಹೋದೆ. ಜಮಖಂಡಿಯಲ್ಲಿ ಪಟವರ್ಧನರು. ಮುಧೋಳದಲ್ಲಿ ಘೋರ್ಪಡೆಯವರು. ರಬಕವಿ ಸಾಂಗಲಿ ಸಂಸ್ಥಾನದ ತೇರದಾಳ ಭಾಗಕ್ಕೆ ಸೇರಿದ್ದು. ಅಲ್ಲಿಯ ಪಟವರ್ಧನರು ಅದೇ ಮನೆತನದ ಬೇರೆ ಕವಲು. ನನ್ನ ಸ್ವಂತ ಊರಾದ ಬೀಳಗಿ ಮಾತ್ರ ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿ ಇತ್ತು. ಈಗ ಒಂದೇ ದಿನದಲ್ಲಿ ಬಸ್ಸಿನಲ್ಲಿ ಸುತ್ತಿ ಬರಬಹುದಾದ ನಾಲ್ಕು ಊರು, ನಾಲ್ಕು ಆಡಳಿತ. “ಟೀಚರ್, ಹಂಗಾದ್ರ ನಮ್ಮ ಮುತ್ತಜ್ಜಿ ಮುಧೋಳದಿಂದ ಇಲ್ಲಿಗೆ ಲಗ್ನಾಗಿ ಬಂದಾಗ ಬ್ಯಾರೆ ರಾಜ್ಯಕ್ಕ ಬಂದಂಗಾತಲ್ರೀ?” ಎಂದು ಒಬ್ಬ ಹುಡುಗಿ ಕೇಳಿದಳು. ಹೌದೆಂದೆ. ತರಗತಿ ನನ್ನ ಕೈಗೆ ಬಂತು ಎನ್ನಿಸಿತು.

ಅನಂತರ ಒಂದು ಕಾಲರೇಖೆ ಬರೆಸಿದೆ. ನಮ್ಮ ಅಜ್ಜ 1942ರಲ್ಲಿ ಮನೆ ಬಿಟ್ಟಾಗ ಜಮಖಂಡಿ ಸಂಸ್ಥಾನದ ಪ್ರಜೆ. 1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ, ಸಾಂಗಲಿ ಸೇರಿದಂತೆ ದಖ್ಖನಿನ ಹಲವು ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಅವರ ಮನೆ ಇದ್ದಲ್ಲೇ ಇತ್ತು, ವಿಳಾಸ ಮಾತ್ರ ಬದಲಾಗುತ್ತ ಹೋಯಿತು.

ಇಲ್ಲಿಯವರೆಗೆ ಪಾಠ ಸರಿಯಾಗಿಯೇ ನಡೆಯಿತು. ಆಯಿಯನ್ನು ತರಗತಿಗೆ ಕರೆತಂದಿದ್ದೆ; ಮುಂದಿನ ಬೆಂಚಿನ ಪಕ್ಕದ ಕುರ್ಚಿಯಲ್ಲಿ ಟ್ರಂಕಿನ ಮೇಲೆ ಕೈಯಿಟ್ಟು ಕುಳಿತಿದ್ದರು. ಪದಕಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಬರ್ಮಾ ನಕ್ಷತ್ರವನ್ನು ಎತ್ತಿ ಹಿಡಿದು, 1944ರಲ್ಲಿ ಜಪಾನಿನ ಸೈನ್ಯ ಇಂಫಾಲ, ಕೊಹಿಮಾ ತನಕ ನುಗ್ಗಿ ಬಂದದ್ದನ್ನೂ, ಮರಾಠಾ ಲಘು ಪದಾತಿ ದಳದ 4ನೆಯ ಬೆಟಾಲಿಯನ್ ಆ ಮಾರ್ಚಿನಲ್ಲಿ ಸಾಂಗ್‌ಶಾಕ್ ಎಂಬ ಗುಡ್ಡದ ಹಳ್ಳಿಯಲ್ಲಿ ನಾಲ್ಕೈದು ದಿನ ತಡೆದು ನಿಂತದ್ದನ್ನೂ ಉತ್ಸಾಹದಿಂದ ಹೇಳಿದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಹಿಂದಿನ ತಿಂಗಳಷ್ಟೇ ಅವರಿಗೆ ಸ್ವಾತಂತ್ರ್ಯ ಹೋರಾಟದ ಪಾಠವಾಗಿತ್ತು.

“ಟೀಚರ್, ಆಗ ಆ ಕಡೆ ನೇತಾಜಿ ಸೈನ್ಯಾನೂ ಇತ್ತಲ್ರೀ? ಹಂಗಾದ್ರ ಈ ಅಜ್ಜಾರು ನೇತಾಜಿ ಮಂದಿ ಮ್ಯಾಲ ಗುಂಡು ಹಾರಿಸ್ಯಾರೇನ್ರೀ?”

ತರಗತಿ ಸ್ತಬ್ಧವಾಯಿತು. ಪ್ರಶ್ನೆ ನ್ಯಾಯವಾದದ್ದು. ಇಂಫಾಲದ ಕಡೆ ಬಂದ ಜಪಾನೀ ಸೈನ್ಯದೊಂದಿಗೆ ಆಜಾದ್ ಹಿಂದ್ ಫೌಜು ಇತ್ತು. 1944ರ ಏಪ್ರಿಲ್ 14ರಂದು ಮಣಿಪುರದ ಮೊಯಿರಾಂಗಿನಲ್ಲಿ ಅದು ತ್ರಿವರ್ಣ ಧ್ವಜ ಹಾರಿಸಿತ್ತು. ನನಗೆ ಅದು ಗೊತ್ತಿತ್ತು. ಆದರೆ ಪಾಠ ಯೋಜನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಆಯಿಯ ಮುಖ ನೋಡದೆ ಅವಸರದಿಂದ ಹೇಳಿಬಿಟ್ಟೆ: “ಅವರೆಲ್ಲ ಬಡವರು. ಹೊಟ್ಟೆಪಾಡಿಗೆ ಸೈನ್ಯ ಸೇರಿದರು. ಅವರಿಗೆ ಇದೆಲ್ಲ ಏನು ಗೊತ್ತಿತ್ತು?”

ಗಂಟೆ ಹೊಡೆಯಿತು. ಆಯಿ ಪದಕಗಳನ್ನು ಒಂದೊಂದಾಗಿ ಎತ್ತಿ, ಮೂರನ್ನು ಧೋತರದ ತುಂಡಿನಲ್ಲಿ ಸುತ್ತಿ ಕೆಳಗೆ ಇಟ್ಟರು. ವರಾಂಡಕ್ಕೆ ಬಂದ ಮೇಲೆ ಅಂದರು:

“ಹೊಟ್ಟಿಗೆ ಹೋದ್ರು ಅಂದಿ. ಖರೇ ಐತಿ ತಂಗಿ, ಮನ್ಯಾಗ ಜ್ವಾಳ ಇರಲಿಲ್ಲ. ಆದ್ರ ಹೊಟ್ಟಿ ಒಂದಕ್ಕ ಹೋದಾವ್ರು ಹೊಟ್ಟಿ ತುಂಬಿದ ಮ್ಯಾಲ ಬರ್ತಿದ್ರು. ನಮ್ಮ ಅಪ್ಪಾರು ಹದಿನೈದು ವರ್ಷ ಇದ್ರು. ಏನೂ ಗೊತ್ತಿರಲಿಲ್ಲ ಅಂತ ಅನಬ್ಯಾಡ. ಗೊತ್ತಿತ್ತು ಅಂತನ ಇವನ್ನ ಕೆಳಗ ಇಟ್ಟಿದ್ರು.”

ಆಗಸ್ಟ್ 15ರಂದು ಶಾಲೆಯ ಧ್ವಜಾರೋಹಣಕ್ಕೆ ಹೋಗುವಾಗ ತಂದೆ ಡಬ್ಬಿಯಲ್ಲಿದ್ದ ಎರಡನ್ನು ಮಾತ್ರ ಎದೆಗೆ ಹಚ್ಚಿಕೊಳ್ಳುತ್ತಿದ್ದರು ಎಂದೂ ಹೇಳಿದರು.

ತಪ್ಪು ಎಲ್ಲಿತ್ತು?

ಅಂದು ಪಾಠ ವೀಕ್ಷಿಸಿದ ಮೇಲ್ವಿಚಾರಕ ಅಧ್ಯಾಪಕರು ಟೀಕಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ಪ್ರಶ್ನೆಗೆ ಉತ್ತರ ಕೊಟ್ಟದ್ದು ಆಧಾರವೋ ಶಿಕ್ಷಕಿಯೋ? ಆ ರಾತ್ರಿ ಯೋಚಿಸಿದಾಗ ನನ್ನ ತಪ್ಪು ಮೂರು ಹಂತದ್ದು ಎಂದು ತೋರಿತು.

ಒಂದು, ‘ದೇಶಪ್ರೇಮ’ ಎಂಬ ಉದ್ದೇಶವನ್ನು ಮೊದಲೇ ಗಟ್ಟಿ ಮಾಡಿಕೊಂಡಿದ್ದರಿಂದ ಅದಕ್ಕೆ ಹೊಂದದ ಪ್ರಶ್ನೆ ಬಂದಾಗ ಅದನ್ನು ಮುಚ್ಚಿಹಾಕಿದೆ. ಎರಡು, ‘ಪದಕ ಕೊಟ್ಟವರು ಯಾರು’ ಎಂಬ ಪ್ರಶ್ನೆಗೂ ‘ಮನುಷ್ಯ ಹೋದದ್ದು ಏಕೆ’ ಎಂಬ ಪ್ರಶ್ನೆಗೂ ಇರುವ ಅಂತರವನ್ನು ಅಳಿಸಿದೆ. ಮೊದಲನೆಯದಕ್ಕೆ ಪದಕವೇ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಪದಕದ ಬಳಿ ಉತ್ತರವೇ ಇಲ್ಲ. ಮೂರು, ಉತ್ತರ ಬಲ್ಲವರು ಮೂರು ಅಡಿ ದೂರದಲ್ಲಿ ಕುಳಿತಿದ್ದರೂ ಅವರನ್ನು ಕೇಳಲಿಲ್ಲ. ಅವರನ್ನು ಕೂಡ ಪ್ರದರ್ಶನದ ವಸ್ತುವಿನಂತೆ ಕೂರಿಸಿದ್ದೆ.

ಎರಡನೆಯ ಅವಧಿ

ಮರುದಿನ ಆಯಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಮತ್ತೊಮ್ಮೆ ಬನ್ನಿ ಎಂದು ಕೇಳಲು ನಾಲಿಗೆ ಏಳಲಿಲ್ಲ. “ಆ ಹುಡುಗ ಕೇಳಿದ್ದು ಛಲೋ ಪ್ರಶ್ನೆ. ಅವಗ ಉತ್ತರ ಬೇಕಲ್ಲ?” ಎಂದು ಅವರೇ ಹೊರಟರು.

ಈ ಬಾರಿ ಉದ್ದೇಶವನ್ನು ಬದಲಿಸಿದೆ: ವಸ್ತುವಿನಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ವಿದ್ಯಾರ್ಥಿಗಳು ಬೇರ್ಪಡಿಸುವರು. ಹಲಗೆಯ ಮೇಲೆ ಮೂರು ಅಂಕಣ ಬರೆದೆ: ‘ವಸ್ತು ಹೇಳುತ್ತದೆ’, ‘ವಸ್ತು ಹೇಳುವುದಿಲ್ಲ’, ‘ಯಾರನ್ನು, ಯಾವುದನ್ನು ಕೇಳಬೇಕು?’ ತರಗತಿಯನ್ನು ಐದು ಗುಂಪು ಮಾಡಿ ಒಂದೊಂದಕ್ಕೆ ಒಂದು ಪದಕ, ಒಂದು ಭೂತಕನ್ನಡಿ ಕೊಟ್ಟೆ. ವಿವರಣೆ ಕೊಡಲಿಲ್ಲ.

ಮಕ್ಕಳ ಕಣ್ಣು ನನ್ನದಕ್ಕಿಂತ ಚುರುಕಾಗಿತ್ತು. ನಕ್ಷತ್ರ ಪದಕಗಳ ಹಿಂಬದಿ ಖಾಲಿ, ಅಂಚಿನಲ್ಲಿ ಹೆಸರಿಲ್ಲ ಎಂದು ಒಂದು ಗುಂಪು ಹೇಳಿತು. “ಹಂಗಾದ್ರ ಇದು ಯಾರದರ ಆಗಿರಬಹುದು” ಎಂದು ಅಂಕಣದಲ್ಲಿ ಬರೆಯಿತು. ಮೊದಲನೆಯ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ನಂಬರು, ಹೆಸರು ಕೊರೆಯುತ್ತಿದ್ದರು, ಎರಡನೆಯದರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ಕೈಬಿಟ್ಟಿತು ಎಂದು ಆಗ ಸೇರಿಸಿದೆ. ಈ ನಕ್ಷತ್ರ ಇವರದೇ ಎಂದು ಹೇಳುವುದು ಡಿಸ್ಚಾರ್ಜ್ ಪುಸ್ತಕದಲ್ಲಿರುವ ಪದಕಗಳ ಪಟ್ಟಿ. ಒಂದು ಆಧಾರಕ್ಕೆ ಇನ್ನೊಂದು ಆಧಾರ ಬೇಕು ಎಂಬುದು ಮಕ್ಕಳಿಗೆ ಹೀಗೆ ತಾನಾಗಿ ತಿಳಿಯಿತು.

ಕಾಶ್ಮೀರದ ಪಟ್ಟಿ ಇದ್ದ ಗುಂಪು ನನ್ನನ್ನೇ ಹಿಡಿಯಿತು. ಇದೇ ದಳದ 3ನೆಯ ಪ್ಯಾರಾ ಬೆಟಾಲಿಯನ್ ಝಂಗಡ್‌ನಲ್ಲಿ ಹೋರಾಡಿದ್ದು, ಝಂಗಡ್ ಮರಳಿ ನಮ್ಮ ಕೈಗೆ ಬಂದದ್ದು 1948ರ ಮಾರ್ಚ್ 18ರಂದು ಎಂದು ಹೇಳುತ್ತ, “ಅಜ್ಜ ಝಂಗಡ್‌ನಲ್ಲಿ ಹೋರಾಡಿದರು” ಎಂದುಬಿಟ್ಟೆ. “ಟೀಚರ್, ಪಟ್ಟಿ ಮ್ಯಾಲ ಜಮ್ಮು ಮತ್ತು ಕಾಶ್ಮೀರ ಅಂತಷ್ಟ ಐತ್ರೀ” ಎಂದರು. ಸರಿಯೇ. ನನ್ನ ಮಾತನ್ನು ‘ವಸ್ತು ಹೇಳುವುದಿಲ್ಲ’ ಅಂಕಣಕ್ಕೆ ಹಾಕಿಸಿದೆ. ಹಲಗೆಯ ಮೇಲಿದ್ದ ಎರಡು ದಿನಾಂಕಗಳನ್ನು ಜೋಡಿಸಿದವರೂ ಅವರೇ: ಮಾರ್ಚ್ 8ಕ್ಕೆ ಜಮಖಂಡಿ ವಿಲೀನ, ಮಾರ್ಚ್ 18ಕ್ಕೆ ಝಂಗಡ್. ಒಂದು ಸಂಸ್ಥಾನ ಭಾರತದಲ್ಲಿ ಉಳಿಯಬೇಕೆಂದು ಸೈನ್ಯ ಅಲ್ಲಿ ಹೋರಾಡುತ್ತಿದ್ದಾಗ, ಇಲ್ಲಿ ಆ ಸೈನಿಕನ ಸ್ವಂತ ಸಂಸ್ಥಾನ ಒಂದು ಸಹಿಯಿಂದ ಇಲ್ಲವಾಗಿತ್ತು.

ಎಲ್ಲಕ್ಕಿಂತ ಹೆಚ್ಚು ಮಾತು ಹೊರಡಿಸಿದ್ದು ಸ್ವಾತಂತ್ರ್ಯ ಪದಕ. ರಿಬ್ಬನ್ನು ಕೇಸರಿ, ಬಿಳಿ, ಹಸಿರು. ಒಂದು ಬದಿಗೆ ಅಶೋಕನ ಸಿಂಹಗಳು, ‘ಭಾರತ ಸ್ವಾತಂತ್ರ್ಯ, 15 ಆಗಸ್ಟ್ 1947’ ಎಂಬ ಇಂಗ್ಲಿಷ್ ಬರಹ. ಇನ್ನೊಂದು ಬದಿಗೆ ಅಶೋಕ ಚಕ್ರ, ಅದರ ಮೇಲೆ ಬ್ರಿಟಿಷ್ ಕಿರೀಟ, ಸುತ್ತಲೂ ಆರನೆಯ ಜಾರ್ಜ್ ದೊರೆಯ ಬಿರುದುಗಳು. “ಸ್ವಾತಂತ್ರ್ಯ ಬಂದ ಮ್ಯಾಲೂ ಕಿರೀಟ ಯಾಕ್ರೀ?” ಎಂದು ಗುಂಪು ಗುಂಪೇ ಕೇಳಿತು. 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ಭಾರತ ಡೊಮಿನಿಯನ್ ಆಗಿತ್ತು, ಕಾಗದದ ಮೇಲೆ ಜಾರ್ಜನೇ ದೊರೆ ಎಂಬುದನ್ನು ಪಠ್ಯಪುಸ್ತಕದಿಂದ ಹೇಳಿದ್ದರೆ ಅವರು ಬರೆದುಕೊಂಡು ಮರೆಯುತ್ತಿದ್ದರು. ಕೈಯಲ್ಲಿದ್ದ ಒಂದೇ ಪದಕದಲ್ಲಿ ಕಿರೀಟವೂ ಚಕ್ರವೂ ಒಟ್ಟಿಗೆ ಇದ್ದುದರಿಂದ ಮರೆಯಲಾರರು. ಕಾಶ್ಮೀರದಲ್ಲಿ ಯುದ್ಧ ನಡೆದಾಗಲೂ ನಮ್ಮ ಸೈನ್ಯದ ಮಹಾದಂಡನಾಯಕ ಬ್ರಿಟಿಷ್ ಅಧಿಕಾರಿಯೇ. ಕೊಡಗಿನ ಕೆ. ಎಂ. ಕಾರ್ಯಪ್ಪನವರು ಆ ಹುದ್ದೆಗೆ ಬಂದದ್ದು 1949ರ ಜನವರಿ 15ರಂದು.

ಮತ್ತೆ ಆ ಪ್ರಶ್ನೆ

ಈಗ ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಯನ್ನು ನಾನೇ ಹಲಗೆಯ ಮೇಲೆ ಬರೆದೆ. ಉತ್ತರದ ಬದಲು ನಾಲ್ಕು ಸಂಗತಿಗಳನ್ನು ಕೊಟ್ಟೆ.

1. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನ್ಯ ಸುಮಾರು 25 ಲಕ್ಷಕ್ಕೆ ಬೆಳೆಯಿತು. ಅವರು ಕಡ್ಡಾಯದಿಂದಲ್ಲ, ತಾವಾಗಿ ಸೇರಿದವರು.

2. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿದ್ದಾಗ ಸೆರೆಯಾದ ಭಾರತೀಯ ಸೈನಿಕರಲ್ಲಿ ಹಲವರು ಆಜಾದ್ ಹಿಂದ್ ಫೌಜು ಸೇರಿದರು; ಹಲವರು ಸೇರದೆ ಸೆರೆಯಲ್ಲೇ ಉಳಿದರು.

3. ಸ್ವಾತಂತ್ರ್ಯದ ನಂತರ ಫೌಜಿನವರನ್ನು ಸೈನ್ಯಕ್ಕೆ ಮರಳಿ ಸೇರಿಸಿಕೊಳ್ಳಲಿಲ್ಲ. ಕಾಶ್ಮೀರಕ್ಕೆ ಹೋದ ಸೈನ್ಯ ಬರ್ಮಾ, ಇಟಲಿಗಳಲ್ಲಿ ಕಿರೀಟದ ಕೆಳಗೆ ಹೋರಾಡಿದ ಸೈನ್ಯವೇ.

4. ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಬರ್ಮಾದಲ್ಲಿ ಬ್ರಿಟಿಷರ ಕಡೆಯ ಬೆಟಾಲಿಯನ್ ನಡೆಸಿದರು. ಅವರ ಅಣ್ಣ ಪೊನ್ನಪ್ಪ ಆಜಾದ್ ಹಿಂದ್ ಫೌಜಿನಲ್ಲಿದ್ದರು. 1948ರಲ್ಲಿ ಕಾಶ್ಮೀರದಲ್ಲಿ ಡಿವಿಜನ್ ನಡೆಸಿದವರು, ಮುಂದೆ ಭೂಸೇನೆಯ ಮುಖ್ಯಸ್ಥರಾದವರು ಇದೇ ತಿಮ್ಮಯ್ಯನವರು.

ನಾಲ್ಕನೆಯದು ಮಕ್ಕಳನ್ನು ಹಿಡಿದು ನಿಲ್ಲಿಸಿತು. ಒಂದೇ ಮನೆಯ ಅಣ್ಣ-ತಮ್ಮಂದಿರಲ್ಲಿ ಒಬ್ಬರನ್ನು ದೇಶಭಕ್ತ, ಇನ್ನೊಬ್ಬರನ್ನು ದ್ರೋಹಿ ಎನ್ನುವುದು ಅಷ್ಟು ಸುಲಭವಲ್ಲ ಎಂದು ಅವರಿಗೇ ಅನ್ನಿಸಿತು. ಒಬ್ಬ ಹುಡುಗಿ ಹಲಗಲಿಯನ್ನು ನೆನಪಿಸಿದಳು. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದು ಸರ್ಕಾರದ ವಿರುದ್ಧ ನಿಂತು ಗಲ್ಲಿಗೇರಿದವರು. “ಆಗ ಬಂದೂಕ ಕೊಡ್ರಿ ಅಂತ ಕಸಗೊಂಡ್ರು, 85 ವರ್ಷದ ಮ್ಯಾಲ ಬಂದೂಕ ಹಿಡೀರಿ ಅಂತ ಕರದ್ರು” ಎಂದಳು. ನನ್ನ ಪಾಠ ಯೋಜನೆಯಲ್ಲಿ ಈ ಮಾತು ಇರಲಿಲ್ಲ.

ಆಮೇಲೆ ಹುಡುಗ ಆಯಿಯನ್ನೇ ಕೇಳಿದ. ಈ ಸಲ ಎದ್ದು ಹತ್ತಿರ ಬಂದು, ಮೆಲ್ಲಗೆ ಕೇಳಿದ. ಆಯಿ ಹೇಳಿದರು: “ನಾನೂ ಒಮ್ಮೆ ಕೇಳಿದ್ನೆಪಾ. ಕತ್ತಲಾಗ ಎದುರಿಗೆ ಯಾರು ಅದಾರ ಅಂತ ಕಾಣ್ತಿರಲಿಲ್ಲ ಅಂದ್ರು. ಒಂದು ರಾತ್ರಿ ಆ ಕಡಿಂದ ಹಿಂದಿ ಮಾತು ಕೇಳ್ತಂತ. ಮುಂದ ಹೇಳಲಿಲ್ಲ. ನಾನೂ ಕೇಳಲಿಲ್ಲ.”

ನಾನು ಯಾವ ಸಾರಾಂಶವನ್ನೂ ಹೇಳಲಿಲ್ಲ. ಹುಡುಗ ತನ್ನ ಜಾಗಕ್ಕೆ ಹೋಗಿ ಮೂರನೆಯ ಅಂಕಣದಲ್ಲಿ ‘ಆಯಿ’ ಎಂದು ಬರೆದು, ಎರಡನೆಯ ಅಂಕಣದ ಪ್ರಶ್ನೆಯನ್ನು ಅಳಿಸದೆ ಹಾಗೆಯೇ ಬಿಟ್ಟ.

ಮೌಲ್ಯಮಾಪನ

ಗೃಹಪಾಠಕ್ಕೆ ಒಂದೇ ಕೆಲಸ ಕೊಟ್ಟೆ: ನಿಮ್ಮ ಮನೆಯ ಒಂದು ಹಳೆಯ ವಸ್ತುವನ್ನು ಮೂರು ಅಂಕಣದಲ್ಲಿ ಬರೆಯಿರಿ. ಮಗ್ಗದ ಲಾಳಿ, ಸಂಸ್ಥಾನದ ಕಾಲದ ಹೊಲದ ಕಾಗದ, ಮಿಲಿಟರಿ ಊಟದ ಡಬ್ಬಿ, ಅಜ್ಜಿಯ ಕಾಸಿನ ಸರ ಬಂದವು. ಚೆನ್ನಾಗಿ ಬರೆದವರ ಎರಡನೆಯ ಅಂಕಣ ಮೊದಲನೆಯದಕ್ಕಿಂತ ಉದ್ದವಾಗಿತ್ತು. ಘಟಕ ಪರೀಕ್ಷೆಯಲ್ಲಿ ‘ಡೊಮಿನಿಯನ್ ಎಂದರೇನು’ ಎಂಬ ಪ್ರಶ್ನೆಗೆ ಹಲವರು ಪದಕದ ಚಿತ್ರ ಬರೆದು ವಿವರಿಸಿದ್ದರು. ಆದರೆ ಕಾಲ ಹಂಚಿಕೆಯಲ್ಲಿ ನಾನು ಸೋತೆ: ಹೈದರಾಬಾದ್ ಮತ್ತು ಜುನಾಗಢಕ್ಕೆ ಮೀಸಲಿಟ್ಟ ಸಮಯ ಇಲ್ಲೇ ಕಳೆಯಿತು, ಅವನ್ನು ಮುಗಿಸಲು ಇನ್ನೊಂದು ಅವಧಿ ಕೇಳಿ ಪಡೆಯಬೇಕಾಯಿತು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಮನೆಯ ವಸ್ತುವನ್ನು ತರುವ ಮೊದಲು ಅದು ಮನೆಯಲ್ಲಿ ಎಲ್ಲಿತ್ತು, ಯಾವುದರ ಕೆಳಗಿತ್ತು, ಯಾರು ಇಟ್ಟರು ಎಂದು ಬರೆದುಕೊಳ್ಳಿ. ಇಟ್ಟ ಜಾಗವೂ ಆಧಾರವೇ.

ಪದಕ, ಕಾಗದಗಳ ಪಟ್ಟಿ ಮಾಡಿ ಮನೆಯವರ ಎದುರಿಗೇ ಎಣಿಸಿ ತೆಗೆದುಕೊಳ್ಳಿ, ಎಣಿಸಿಯೇ ಒಪ್ಪಿಸಿ. ಹಳೆಯ ಪದಕಗಳನ್ನು ಹೊಳೆಯಲೆಂದು ಹುಣಸೆಹಣ್ಣು, ಪುಡಿ ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತವೆ.

ಮನೆಯವರನ್ನು ಕರೆದರೆ ಅವರಿಗೆ ಮಾತಾಡುವ ಸಮಯವನ್ನು ಯೋಜನೆಯಲ್ಲೇ ಇಡಿ. ಮಕ್ಕಳು ಕೇಳಬಹುದಾದ ಅತ್ಯಂತ ಕಷ್ಟದ ಪ್ರಶ್ನೆಯನ್ನು ಅವರಿಗೆ ಮೊದಲೇ ತಿಳಿಸಿ, ಕೇಳಲು ಒಪ್ಪಿಗೆ ಪಡೆಯಿರಿ.

ಮನೋಭಾವದ ಉದ್ದೇಶವನ್ನು ಪಾಠ ಯೋಜನೆಯಲ್ಲಿ ಬರೆಯುವಾಗ ನಿಮ್ಮನ್ನೇ ಕೇಳಿಕೊಳ್ಳಿ: ಇದಕ್ಕೆ ವಿರುದ್ಧವಾದ ಪ್ರಶ್ನೆ ಬಂದರೆ ನನ್ನ ಪಾಠ ತಾಳಿಕೊಂಡೀತೇ?

ಮುಕ್ತಾಯ

ಕೊನೆಯ ದಿನ ಟ್ರಂಕನ್ನು ಒಪ್ಪಿಸಲು ಹೋದಾಗ ಆಯಿ ಐದೂ ಪದಕಗಳನ್ನು ಎಣಿಸಿಕೊಂಡರು. ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಇಡಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬ್ಯಾಡ ತಂಗಿ, ಅಪ್ಪಾರು ಇಟ್ಟಂಗ ಇರಲಿ” ಎಂದರು. ಮೂರನ್ನು ಧೋತರದಲ್ಲಿ ಸುತ್ತಿ ತಳದಲ್ಲಿ ಇಟ್ಟು, ಡಬ್ಬಿಯನ್ನು ಮೇಲಿಟ್ಟು, ಟ್ರಂಕು ಮುಚ್ಚಿದೆ.